ಒಂದು ಪಂಚೆ, ಮೂರು ಲಾಕ್: ಶನಿವಾರದ ಇತಿಹಾಸ ಪಾಠದ ದಿನಚರಿ

ಮೊದಲ ಶನಿವಾರ

ನಾವಿರುವುದು ನ್ಯೂಯಾರ್ಕ್ ರಾಜ್ಯದ ರಾಚೆಸ್ಟರಿನಲ್ಲಿ. ಮಗಳಿಗೆ ಹನ್ನೊಂದು, ಮಗನಿಗೆ ಎಂಟು. ಪಕ್ಕದ ಮನೆಯ ಅಕ್ಕ ತಮ್ಮಂದಿರೂ ಸೇರಿ ನಮ್ಮ ಶನಿವಾರದ ಗುಂಪಿನಲ್ಲಿ ನಾಲ್ವರು. ಕನ್ನಡ ಅಕ್ಷರ ತಿದ್ದಿಸಲು ಶುರುಮಾಡಿದ್ದು. ಕಾಗುಣಿತ ಮುಗಿದ ಮೇಲೆ ಇನ್ನೇನು ಎಂದು ತಲೆ ಕೆರೆದುಕೊಳ್ಳುವಾಗ, ಅವರ ಶಾಲೆಯಲ್ಲಿ ನಡೆಯುತ್ತಿರುವ ಪಾಠವನ್ನೇ ಕನ್ನಡದಲ್ಲಿ ಮಾಡೋಣವೆನಿಸಿತು: 1783ರಲ್ಲಿ ಮಿಸಿಸಿಪ್ಪಿ ನದಿಗೆ ಮುಗಿಯುತ್ತಿದ್ದ ಅಮೆರಿಕ ದೇಶ, 1848ರ ಹೊತ್ತಿಗೆ ಪೆಸಿಫಿಕ್ ಸಾಗರದವರೆಗೆ ಬೆಳೆದದ್ದು ಹೇಗೆ?

ನಕ್ಷೆಗೆ ಯಜಮಾನರ ಹಳೆಯ ಪಂಚೆಯೊಂದು ಸಿಕ್ಕಿತು. ಅಂಚು ಬಲಕ್ಕೆ ಬರುವಂತೆ ಹಾಸಿದೆವು. ಹಸಿರು ಅಂಚೇ ಅಟ್ಲಾಂಟಿಕ್ ಕರಾವಳಿ. ದೊಡ್ಡವರು ಗಡಿಗೆರೆ ಎಳೆಯುವಾಗ ಕೆಲಸವಿಲ್ಲದೆ ಕುಳಿತಿದ್ದ ಮಗನಿಗೆ ಮಾರ್ಕರ್ ಕೊಟ್ಟು, ಅಲ್ಲಿ ಮೊದಲಿನಿಂದ ಇದ್ದ ಜನರ ಹೆಸರು ಬರೆಯಲು ಹೇಳಿದೆ. ಸೆನೆಕಾ, ಚೆರೋಕಿ, ಒಸೇಜ್, ಲಕೋಟಾ ಎಂದು ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆದ. ಒತ್ತಕ್ಷರ ಒಂದೂ ಇಲ್ಲದ್ದರಿಂದ ಬಹಳ ಖುಷಿಯಾಗಿದ್ದ.

ಎರಡನೆಯ ಶನಿವಾರ

ಬಣ್ಣ ಹಚ್ಚುವ ದಿನ. ಲೂಯಿಸಿಯಾನಾಕ್ಕೆ ಅರಿಶಿನ. 1803ರಲ್ಲಿ ಫ್ರಾನ್ಸಿನಿಂದ 1.5 ಕೋಟಿ ಡಾಲರಿಗೆ ಕೊಂಡ 8.28 ಲಕ್ಷ ಚದರ ಮೈಲಿ. ಲಿವಿಂಗ್‌ಸ್ಟನ್, ಮನ್ರೋ ಎಂಬ ಅಮೆರಿಕದ ದೂತರಿಬ್ಬರೂ ಪ್ಯಾರಿಸ್ಸಿನಲ್ಲಿ ಕೇಳಿದ್ದು ನ್ಯೂ ಆರ್ಲಿಯನ್ಸ್ ಬಂದರು ಮತ್ತು ಅದರ ಸುತ್ತಿನ ಜಾಗವನ್ನು. ಹೈಟಿಯಲ್ಲಿ ಸೈನ್ಯ ಕಳೆದುಕೊಂಡು, ಇಂಗ್ಲೆಂಡಿನೊಡನೆ ಮತ್ತೆ ಯುದ್ಧಕ್ಕೆ ಹಣ ಹೊಂದಿಸಬೇಕಿದ್ದ ನೆಪೋಲಿಯನ್ ಇಡೀ ಪ್ರದೇಶವನ್ನೇ ಮಾರಲು ಮುಂದಾದ. ಮಕ್ಕಳಿಗೆ ಇದು ಚೌಕಾಸಿಯ ಕಥೆಯಾಗಿ ಬಹಳ ಹಿಡಿಸಿತು.

ಮಗ ಮಾತ್ರ ಅರಿಶಿನದ ಬಟ್ಟಲು ಹಿಡಿದು ನಿಂತೇ ಇದ್ದ. "ಅಮ್ಮಾ, ಮಾರಿದವರು ಅಲ್ಲಿ ಇರಲಿಲ್ಲ, ಕೊಂಡವರೂ ಇರಲಿಲ್ಲ. ನಾನು ಬರೆದವರು ಇದ್ದರಲ್ಲ?" ಹೌದು, ಫ್ರಾನ್ಸ್ ಕೊಟ್ಟದ್ದು ತನ್ನ ಹಕ್ಕನ್ನು ಮಾತ್ರ, ಅಲ್ಲಿದ್ದವರ ನೆಲವನ್ನು ಆಮೇಲೆ ಒಪ್ಪಂದ, ಒತ್ತಾಯ, ಯುದ್ಧಗಳಿಂದ ತೆಗೆದುಕೊಂಡರು ಎಂದೆ. ಮಿಸಿಸಿಪ್ಪಿಯ ಪೂರ್ವಕ್ಕಿದ್ದ ಚೆರೋಕಿಗಳನ್ನು 1830ರ ಕಾನೂನಿನ ಬಲದಿಂದ ಪಶ್ಚಿಮಕ್ಕೆ ಅಟ್ಟಿದ್ದನ್ನೂ, ದಾರಿಯಲ್ಲಿ ಸಾವಿರಾರು ಜನ ಸತ್ತದ್ದನ್ನೂ ಮೊಟಕಾಗಿ ಹೇಳಿದೆ. ಎಂಟು ವರ್ಷದವನಿಗೆ ಎಷ್ಟು ಹೇಳಬೇಕೆಂಬುದು ನನಗೆ ಇನ್ನೂ ಗೊತ್ತಾಗಿಲ್ಲ. ಅರಿಶಿನ ಹಚ್ಚಿದೆವು. ತೆಳ್ಳಗಿದ್ದುದರಿಂದ ಒಸೇಜ್, ಲಕೋಟಾ ಎರಡೂ ಅಡಿಯಿಂದ ಓದಲು ಸಿಗುತ್ತವೆ.

ಗಡಿ ದಾಟಿ ಹರಡಿದ ಬಣ್ಣವನ್ನು ಪಕ್ಕದ ಹುಡುಗ ಸೋಪಿನಿಂದ ಉಜ್ಜಿದ. ಅರಿಶಿನಕ್ಕೆ ಸೋಪು ತಗುಲಿದರೆ ಏನಾಗುತ್ತದೆಂದು ನಮ್ಮ ಅಡುಗೆಮನೆ ಕಂಡವರಿಗೆ ಗೊತ್ತು. ಟೆಕ್ಸಾಸ್ ಕೆಂಪಾಗಿ ಹೋಯಿತು. ಹೇಗೂ ಅದಕ್ಕೆ ಬೇರೆ ಬಣ್ಣ ಬೇಕಿತ್ತು, ಬಿಟ್ಟೆವು.

ಮೂರನೆಯ ಶನಿವಾರ

ಉಳಿದ ತುಂಡುಗಳು ಬೇಗ ಮುಗಿದವು: 1845 ಟೆಕ್ಸಾಸ್, 1846 ಆರೆಗನ್, 1848ರಲ್ಲಿ ಯುದ್ಧದ ನಂತರ ಮೆಕ್ಸಿಕೋದಿಂದ ಕ್ಯಾಲಿಫೋರ್ನಿಯಾ ಮತ್ತು ಸುತ್ತಲಿನದು. ಇದಕ್ಕೂ 1.5 ಕೋಟಿಯೇ ಎಂದು ಮಗಳು ಕಂಡುಹಿಡಿದಳು.

ಕೊನೆಯಲ್ಲಿ ದಕ್ಷಿಣದಂಚಿಗೆ ಬೆರಳುದ್ದದ ಒಂದು ಪಟ್ಟಿ ಉಳಿಯಿತು. ಮೆಕ್ಸಿಕೋದಿಂದಲೇ ಕೊಂಡ, 1853ರ ಗ್ಯಾಡ್ಸ್‌ಡನ್ ಖರೀದಿ: 30,000 ಚದರ ಮೈಲಿಗೆ ಒಂದಿಷ್ಟು ಕಡಿಮೆ, ಬೆಲೆ 1 ಕೋಟಿ ಡಾಲರ್. ಮಗಳು ಲೆಕ್ಕ ಹಾಕಿದಳು. ಲೂಯಿಸಿಯಾನಾ ಚದರ ಮೈಲಿಗೆ 18 ಡಾಲರ್. ಈ ಮರಳುಗಾಡು 330ಕ್ಕೂ ಮೇಲೆ. "ಮೋಸ ಹೋಗಿದ್ದಾರೆ ಅಮ್ಮಾ!" ಇಲ್ಲ, ದಕ್ಷಿಣದ ರೈಲು ಮಾರ್ಗಕ್ಕೆ ಗುಡ್ಡಗಳಿಲ್ಲದ ಸಮತಟ್ಟು ನೆಲ ಬೇಕಿತ್ತು. ಅವರು ಹಣ ಸುರಿದದ್ದು ದಾರಿಗೆ.

ನನ್ನ ಯೋಜನೆ ತಲೆಕೆಳಗಾದದ್ದು ಇಲ್ಲಿ. ಪಂಚೆಯೇ ಪಾಠ, ವ್ಯಾಪಾರದ ವಿಷಯ ಕೊನೆಯಲ್ಲಿ ಅರ್ಧ ಗಂಟೆ ಎಂದುಕೊಂಡಿದ್ದೆ. ಮೂರೇ ವಾರದಲ್ಲಿ ಖಂಡ ತುಂಬಿತು, ಆದರೆ ಆ ಬಣ್ಣದ ಮೇಲೆ ಒಂದು ಮೂಟೆ ಗೋಧಿಯೂ ಅಲುಗಲಿಲ್ಲ. ದಾರಿಯನ್ನೇ ಮಾಡಿ ತೋರಿಸಬೇಕು. ದಾರಿಯಂತೂ ನಮ್ಮೂರಿನ ಮೂಲಕವೇ ಹಾದುಹೋಗಿತ್ತು.

ನಾಲ್ಕರಿಂದ ಏಳನೆಯ ಶನಿವಾರ

ಈರಿ ಕಾಲುವೆ: ಈರಿ ಸರೋವರದ ದಡದ ಬಫಲೋವನ್ನು ಹಡ್ಸನ್ ನದಿಗೆ ಸೇರಿಸುವ ನೀರಿನ ದಾರಿ. 1817ರಿಂದ 1825ರವರೆಗೆ ಅಗೆದದ್ದು. 363 ಮೈಲಿ ಉದ್ದ, 40 ಅಡಿ ಅಗಲ, 4 ಅಡಿ ಆಳ, 83 ಲಾಕ್‌ಗಳು (ನೀರು ತುಂಬಿಸಿ, ಖಾಲಿ ಮಾಡಿ ದೋಣಿಯನ್ನು ಏರಿಸಿ ಇಳಿಸುವ ಕೋಣೆಗಳು). ರಾಜ್ಯಪಾಲ ಡಿವಿಟ್ ಕ್ಲಿಂಟನ್ನನ ಹಳ್ಳ ಎಂದು ಜನ ಗೇಲಿ ಮಾಡಿದ್ದರು. ಮುಗಿದ ಮೇಲೆ, ಬಫಲೋದಿಂದ ನ್ಯೂಯಾರ್ಕಿಗೆ ಒಂದು ಟನ್ ಸಾಮಾನು ಸಾಗಿಸಲು ಆಗುತ್ತಿದ್ದ ಸುಮಾರು 100 ಡಾಲರ್ ಖರ್ಚು 10 ಡಾಲರಿಗೂ ಕೆಳಗಿಳಿಯಿತು.

ಮೊದಲು ಇಪ್ಪತ್ತು ಪೌಂಡಿನ ಸೋನಾ ಮಸೂರಿ ಚೀಲವನ್ನು ಹಿತ್ತಲಿನ ಸುತ್ತ ಹೊರಿಸಿದೆ. ಎರಡನೆಯ ಸುತ್ತಿಗೆ ಮುಷ್ಕರ. ಅದೇ ಚೀಲವನ್ನು ದೊಡ್ಡ ಬೇಸಿನ್ನಿನಲ್ಲಿಟ್ಟು ಮಕ್ಕಳ ಈಜುಕೊಳದಲ್ಲಿ ತೇಲಿಬಿಟ್ಟಾಗ ಮಗ ದಾರವನ್ನು ಒಂದೇ ಬೆರಳಿಗೆ ಸುತ್ತಿಕೊಂಡು ಎಳೆದ. 30 ಟನ್ ಹೊತ್ತ ದೋಣಿಯನ್ನು ದಡದ ಮೇಲೆ ನಡೆಯುವ ಹೇಸರಗತ್ತೆಗಳು ಎಳೆಯುತ್ತಿದ್ದವು ಎಂದರೆ ಈಗ ನಂಬುತ್ತಾರೆ.

ಆಮೇಲೆ ಲಾಕ್‌ಗಳು. ಮೂರು ಪ್ಲಾಸ್ಟಿಕ್ ಡಬ್ಬಿಗಳನ್ನು ಮೆಟ್ಟಿಲಿನಂತೆ ಜೋಡಿಸಿ, ನಡುವೆ ಕತ್ತರಿಸಿ, ಸಿಲಿಕೋನ್ ಅಂಟಿನಿಂದ ಬಿಗಿದೆವು. ದೋಣಿ ಅಡಿಕೆ ಹಾಳೆಯದು. ಕೆಳಗಿನ ಕೋಣೆಗೆ ದೋಣಿ ಬಿಟ್ಟು, ಹಿಂದಿನ ಬಾಗಿಲು ಮುಚ್ಚಿ, ಮೇಲಿನ ತೂಬು ತೆರೆದರೆ ನೀರು ತುಂಬಿ ದೋಣಿ ಏರಬೇಕು. ಏರಲಿಲ್ಲ. ಚಪ್ಪಟೆ ಬಾಗಿಲಿನ ಸಂದಿಯಿಂದ ನೀರೆಲ್ಲ ಸೋರಿ ಹೋಯಿತು. ರಬ್ಬರ್ ಪಟ್ಟಿ ಅಂಟಿಸಿದೆವು, ಸೋರಿತು. ಮೇಣ ಹಚ್ಚಿದೆವು, ಅದೂ ಬಿಟ್ಟುಕೊಂಡಿತು. ಎರಡು ಶನಿವಾರ ಇದರಲ್ಲೇ ಹೋಯಿತು, ಕಾಗುಣಿತದಷ್ಟೇ ಹಟಮಾರಿ ಕೆಲಸ.

ಬೇಸತ್ತು ಎಲ್ಲರನ್ನೂ ಕಾರಿನಲ್ಲಿ ಹಾಕಿಕೊಂಡು ಇದೇ ಕಾಲುವೆಯ ಮೇಲಿನ ಲಾಕ್‌ಪೋರ್ಟ್ ಊರಿಗೆ ಹೋದೆ. ಅಲ್ಲಿ ಬಂಡೆ ಕಡಿದು ಐದು ಲಾಕ್‌ಗಳನ್ನು ಒಂದರ ಮೇಲೊಂದು ಮೆಟ್ಟಿಲು ಕಟ್ಟಿ ದೋಣಿಯನ್ನು 60 ಅಡಿ ಏರಿಸುತ್ತಿದ್ದರು. ಪಕ್ಕದ ಮನೆಯ ಹುಡುಗಿ ಕಟಕಟೆಗೆ ಒರಗಿ ಬಹಳ ಹೊತ್ತು ನೋಡಿ ಹೇಳಿದಳು: "ಆಂಟಿ, ಬಾಗಿಲು ಎರಡಿವೆ. ಮುಚ್ಚಿದಾಗಲೂ ನೇರ ಇಲ್ಲ, ಮೂಗಿನ ಹಾಗೆ ಮುಂದೆ ಬಂದಿವೆ." ಮೂಗು ಮೇಲಿನ ನೀರಿನ ಕಡೆಗೆ! ನೀರು ಒತ್ತಿದಷ್ಟೂ ಎರಡು ಕದಗಳು ಒಂದಕ್ಕೊಂದು ಬಿಗಿಯುತ್ತವೆ. ಮರಳುವಾಗ ದಾರಿಯುದ್ದಕ್ಕೂ ನಾಲ್ವರೂ ಅಂಗೈಗಳನ್ನು ಮೂಗಿನ ಹಾಗೆ ಜೋಡಿಸಿ ಒತ್ತಿಕೊಂಡೇ ಬಂದರು.

ಎಂಟನೆಯ ಶನಿವಾರ

ಮಳೆ, ಒಳಗೇ ಕೂತೆವು. ಅಲಂಕಾರದ ಅಂಗಡಿಯಿಂದ ತಂದ ಹತ್ತಿ ಕಾಯಿಗಳಿಂದ ಬೀಜ ಬಿಡಿಸುವ ಕೆಲಸ. ಮಕ್ಕಳು ತಿಣುಕುತ್ತಿದ್ದರೆ, ಊರಿನಿಂದ ಬಂದಿರುವ ಅತ್ತೆ ಮಾತಾಡುತ್ತಲೇ ಬೀಜ ತೆಗೆದು ಹೂಬತ್ತಿಯನ್ನೂ ಮಾಡಿಟ್ಟರು. 1793ರಲ್ಲಿ ಈಲೈ ವಿಟ್ನಿ ಎಂಬಾತನ ಬೀಜ ಬಿಡಿಸುವ ಯಂತ್ರ ಈ ಕೆಲಸವನ್ನು ಸುಲಭ ಮಾಡಿತು. ಹತ್ತಿ ಹೊಲಗಳು ಪಶ್ಚಿಮಕ್ಕೆ ಹಬ್ಬಿದವು. ಜೊತೆಗೆ ಗುಲಾಮರ ಸಂಖ್ಯೆಯೂ 1790ರ 7 ಲಕ್ಷದಿಂದ 1860ರಲ್ಲಿ 40 ಲಕ್ಷದ ಹತ್ತಿರಕ್ಕೆ ಹೋಯಿತು. "ಯಂತ್ರ ಬಂದರೆ ಕೆಲಸದವರು ಕಡಿಮೆ ಬೇಕಲ್ಲವೇ?" ಎಂದು ಅತ್ತೆಯೇ ಕೇಳಿದರು. ಬೀಜ ತೆಗೆಯಲು ಕಡಿಮೆ, ಬೆಳೆದು ಕೊಯ್ಯಲು ಹೆಚ್ಚು. ಅವರು ಬತ್ತಿ ಹೊಸೆಯುವುದನ್ನು ನಿಲ್ಲಿಸಿ ಪಂಚೆಯ ಕೆಳಭಾಗವನ್ನು ನೋಡುತ್ತ ಕುಳಿತರು.

ಒಂಬತ್ತನೆಯ ಶನಿವಾರ

ಹಳೆಯ ಫೈಲಿನ ಪ್ಲಾಸ್ಟಿಕ್ ಹೊದಿಕೆಯಿಂದ ಜೋಡಿ ಬಾಗಿಲು ಮಾಡಿದೆವು. ಇನ್ನೂ ಹನಿಕುತ್ತದೆ, ಆದರೆ ದೋಣಿ ಏರುತ್ತದೆ! ಹನ್ನೆರಡು ಗೋಧಿ ಕಾಳು ಹೊತ್ತು ಮೂರು ಮೆಟ್ಟಿಲು ಇಳಿದು ಪಂಚೆಯ ಹಸಿರು ಅಂಚು ಮುಟ್ಟಿತು. ಸುಂಕದ ಕಟ್ಟೆ ಮಗನದು; ದೋಣಿಗೊಂದು ಚಾಕೊಲೇಟ್. ಮೂರನೆಯ ದೋಣಿಗೆ ಎರಡು ಕೇಳಿದ. ಅವನ ಅಕ್ಕ ಒಪ್ಪದೆ ಅಡುಗೆಮನೆಯಿಂದ ಆಟದ ರೈಲು ಹಳಿಗಳನ್ನು ತಂದು, ಅವನ ಕಟ್ಟೆಯನ್ನು ಸುತ್ತುಹಾಕಿ ಹೋಗುವಂತೆ ಜೋಡಿಸತೊಡಗಿದಳು.