ದರೆಯ ಮಣ್ಣಿನ ಮೇಲೊಂದು ಗಾಜಿನ ತೊಟ್ಟಿ

ತೀರ್ಥಹಳ್ಳಿಯ ಕಡೆಯವರಿಗೆ ಮೀನು ನೋಡಲು ಗಾಜಿನ ತೊಟ್ಟಿಯ ಅಗತ್ಯವೇನೂ ಇಲ್ಲ. ಚಿಬ್ಬಲಗುಡ್ಡೆಯಲ್ಲಿ ತುಂಗೆಯ ದಡಕ್ಕಿಳಿದು ಒಂದು ಹಿಡಿ ಮಂಡಕ್ಕಿ ಎರಚಿದರೆ ಮೊಳದುದ್ದದ ಮೀನುಗಳು ಒಂದರ ಮೇಲೊಂದು ಬಿದ್ದು ಬರುತ್ತವೆ. ಹೀಗಿರುವಾಗ ಮನೆಯೊಳಗೆ ಅಕ್ವೇರಿಯಂ ಇಡುತ್ತೇನೆ ಎಂದ ನನ್ನನ್ನು ಅಮ್ಮ, ಹೊಳೆಯೇ ಇರುವಾಗ ಇದೇನು ಹೊಸ ಉಸಾಬರಿ ಎಂದು ಕೇಳಿದ್ದು ಸಹಜವೇ ಆಗಿತ್ತು. ನನಗೆ ಬೇಕಾಗಿದ್ದುದು ನೀರೊಳಗಿನ ಗಿಡಗಳು. ಮಳೆಗಾಲ ಹಿಂದೆ ಸರಿದು ಹಳ್ಳದ ನೀರು ತಿಳಿಯಾದ ಮೇಲೆ ತಳದಲ್ಲಿ ಒಂದೇ ದಿಕ್ಕಿಗೆ ಬಾಗಿ ತೂಗುವ ಗಿಡಗಳನ್ನು ಕಂಡಾಗಲೆಲ್ಲ ಅಂಥದ್ದೊಂದು ತುಣುಕು ಕಣ್ಣಮಟ್ಟದಲ್ಲಿ ಇದ್ದರೆ ಹೇಗೆ ಎನ್ನಿಸುತ್ತಿತ್ತು. ಮೀನು ಆಮೇಲಿನ ಮಾತು.

ಗಿಡಗಳ ತೊಟ್ಟಿಗೆ ಮುಖ್ಯವಾಗಿ ಎರಡು ದಾರಿಗಳಿವೆ. ಪ್ರಖರವಾದ ದೀಪ, ಸಿಲಿಂಡರಿನಿಂದ ಸದಾ ಗುಳ್ಳೆಗಳಾಗಿ ಇಳಿಯುವ ಇಂಗಾಲದ ಡೈಆಕ್ಸೈಡ್, ದ್ರವಗೊಬ್ಬರ ಇವುಗಳ ಬಲದಿಂದ ಗಿಡ ಬೆಳೆಸುವುದು ಒಂದು. ತಳದಲ್ಲಿ ಸಾಮಾನ್ಯ ಮಣ್ಣು ಹಾಸಿ, ಮೇಲೆ ಮರಳು ಮುಚ್ಚಿ, ಸಾಧಾರಣ ಬೆಳಕಿನಲ್ಲಿ ಗಿಡಗಳನ್ನು ಅವುಗಳ ಪಾಡಿಗೆ ಬಿಡುವುದು ಇನ್ನೊಂದು; ಇದು ಅಮೆರಿಕದ ಡಯಾನಾ ವಾಲ್‌ಸ್ಟಾಡ್ ಅವರ ಹೆಸರಿನಿಂದ ಪ್ರಸಿದ್ಧವಾದ ವಿಧಾನ. ಆಷಾಢದ ಗಾಳಿಗೆ ತಂತಿಯ ಮೇಲೊಂದು ಮರ ಬಿದ್ದರೆ ಕರೆಂಟು ಯಾವಾಗ ಬಂದೀತೆಂದು ಯಾರೂ ಹೇಳಲಾಗದ ನಮ್ಮೂರಿನಲ್ಲಿ ಯಂತ್ರಗಳನ್ನು ನಂಬಿದ ತೊಟ್ಟಿ ಬಾಳುವಂತಿರಲಿಲ್ಲ. ಹಾಗಾಗಿ ಎರಡನೆಯ ದಾರಿಯನ್ನೇ ಹಿಡಿದೆ.

ಮಣ್ಣಿನ ವಿಷಯದಲ್ಲಿ ಮಾತ್ರ ಬಹಳ ಯೋಚಿಸಬೇಕಾಯಿತು. ಮನೆಯ ಹಿಂದೆಯೇ ಅಡಿಕೆ ತೋಟವಿದೆ. ತಲೆತಲಾಂತರದಿಂದ ಸೊಪ್ಪು, ಗೊಬ್ಬರ ಉಂಡು ಕಪ್ಪಾಗಿರುವ ಮಣ್ಣು ಅಲ್ಲಿದೆ. ಆದರೆ ಅದೇ ತೋಟಕ್ಕೆ ಕೊಳೆರೋಗ ತಡೆಯಲೆಂದು ಪ್ರತಿ ಮಳೆಗಾಲದಲ್ಲೂ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಗೊನೆಯಿಂದ ತೊಟ್ಟಿಕ್ಕಿದ್ದೆಲ್ಲ ನೆಲಕ್ಕೇ ಇಳಿಯುತ್ತದೆ, ಮೈಲುತುತ್ತದ ತಾಮ್ರ ಮಣ್ಣಿನಲ್ಲೇ ಉಳಿದು ವರ್ಷದಿಂದ ವರ್ಷಕ್ಕೆ ಕೂಡುತ್ತ ಹೋಗುತ್ತದೆ. ಬಸವನಹುಳು, ಸೀಗಡಿಗಳಿಗೆ ತಾಮ್ರ ಅತ್ಯಲ್ಪ ಪ್ರಮಾಣದಲ್ಲಿದ್ದರೂ ವಿಷ, ಮೃದುನೀರಿನಲ್ಲಂತೂ ಮೀನಿಗೂ ಹಾಗೆಯೇ. ಎಷ್ಟೇ ಫಲವತ್ತಾಗಿದ್ದರೂ ತೋಟದ ಮಣ್ಣನ್ನು ತೊಟ್ಟಿಗೆ ಹಾಕಬಾರದೆಂದು ತೀರ್ಮಾನಿಸಿದೆ. ಅಡಿಕೆ ಸೀಮೆಯಲ್ಲಿ ಈ ಹವ್ಯಾಸಕ್ಕೆ ಕೈಹಾಕುವವರು ಮೊದಲು ಗಮನಿಸಬೇಕಾದ ಸಂಗತಿ ಇದೇ ಎಂದು ನನ್ನ ಎಣಿಕೆ. ಬೇರೆ ಊರಿನವರು ಹೇಳುವ ಕ್ರಮಗಳಲ್ಲಿ ಇದರ ಪ್ರಸ್ತಾಪ ಇರುವುದಿಲ್ಲ.

ಕೊನೆಗೆ ಮನೆಯ ಪಕ್ಕದ ದರೆಯಿಂದ, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಗೋಡೆಯಿಂದ, ಕೆಂಪು ಜಂಬಿಟ್ಟಿಗೆ ಮಣ್ಣನ್ನೂ, ಔಷಧಿ ತಾಗದ ಸೊಪ್ಪಿನಬೆಟ್ಟದ ಮರದಡಿಯಿಂದ ಒಂದಿಷ್ಟು ಎಲೆಗೊಳೆ ಮಣ್ಣನ್ನೂ ತಂದು, ಜರಡಿ ಹಿಡಿದು, ಬಕೆಟ್ಟಿನಲ್ಲಿ ನೆನೆಸಿ, ತೇಲಿದ ಕಸಕಡ್ಡಿ ಚೆಲ್ಲಿ, ಒಣಗಿಸಿ ಮತ್ತೆ ನೆನೆಸಿದೆ. ಜಂಬಿಟ್ಟಿಗೆಯ ಕೆಂಪು ಕಬ್ಬಿಣದ ತುಕ್ಕಿನದು. ನೀರಿನ ತಳದಲ್ಲಿ, ಗಾಳಿ ತಲುಪದ ಪದರದಲ್ಲಿ ಆ ಕಬ್ಬಿಣ ಕರಗುವ ರೂಪಕ್ಕೆ ತಿರುಗಿ ಬೇರುಗಳಿಗೆ ದಕ್ಕುತ್ತದೆ. ಯುರೋಪಿನ ಹವ್ಯಾಸಿಗಳು ಲ್ಯಾಟರೈಟ್ ಎಂದು ದುಡ್ಡು ಕೊಟ್ಟು ಪೊಟ್ಟಣದಲ್ಲಿ ತರುತ್ತಿದ್ದುದು ಇಂಥ ಮಣ್ಣನ್ನೇ. ನಮ್ಮಲ್ಲಿ ಅದು ಪ್ರತಿ ಮಳೆಗಾಲದಲ್ಲೂ ಕುಸಿದು ಅಂಗಳಕ್ಕೇ ಬಂದು ಬೀಳುತ್ತದೆ!

ನೀರಿನ ಗುಣವೂ ತಿಳಿಯಬೇಕಿತ್ತು. ನಮ್ಮ ಬಾವಿಯದು ಮೃದುವಾದ, ತುಸು ಆಮ್ಲೀಯವಾದ ನೀರು. ಪೇಟೆಯ ನಲ್ಲಿನೀರಿನಂತೆ ಕ್ಲೋರಿನ್ ಹೋಗಲೆಂದು ಕಾಯಬೇಕಾದ ಪ್ರಮೇಯವಿರಲಿಲ್ಲ. ಸೇದಿದ ಕೂಡಲೇ ಪಿಎಚ್ ದ್ರಾವಣದ ಹನಿ ಹಾಕಿದರೆ ಹಳದಿ ಬಣ್ಣ ಬಂದು 6ರ ಆಸುಪಾಸು ತೋರಿಸಿತು; ಅದೇ ನೀರನ್ನು ಒಂದು ರಾತ್ರಿ ಅಗಲವಾದ ಪಾತ್ರೆಯಲ್ಲಿಟ್ಟು ಅಳೆದಾಗ ಬಣ್ಣ ಹಸಿರಿನತ್ತ ಸರಿದಿತ್ತು. ನೆಲದೊಳಗಿನ ನೀರಿನಲ್ಲಿ ಕರಗಿದ್ದ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹಾರಿಹೋದದ್ದೇ ಇದಕ್ಕೆ ಕಾರಣ. ಇಂಥ ನೀರಿನಲ್ಲಿ ಆಮ್ಲವನ್ನು ತಾಳಿಕೊಳ್ಳುವ ಶಕ್ತಿ ಕಡಿಮೆಯಾದ್ದರಿಂದ, ಕುಂದಾಪುರದ ಕಡಲತೀರದಲ್ಲಿ ಆರಿಸಿ ತಂದಿದ್ದ ಕಪ್ಪೆಚಿಪ್ಪುಗಳನ್ನು ತೊಳೆದು ಕುಟ್ಟಿ, ಅವುಗಳ ಸುಣ್ಣ ಆಮ್ಲವನ್ನು ತಗ್ಗಿಸಲೆಂದು, ತೊಟ್ಟಿಯಲ್ಲಿಡಲು ಬಟ್ಟೆಯ ಚೀಲದಲ್ಲಿ ಕಟ್ಟಿ ಇಟ್ಟುಕೊಂಡೆ.

ಭಾನುವಾರ ಬೆಳಗ್ಗೆ ಕೆಲಸ ಶುರುವಾಯಿತು. ತೊಟ್ಟಿ ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ್ದು. ಅಂಚಿನವರೆಗೆ ತುಂಬಿದರೆ ಸುಮಾರು 54 ಲೀಟರ್ ಹಿಡಿಯುತ್ತದೆ. ಗಾಜು, ಮಣ್ಣು, ಮರಳು ಸೇರಿ ಒಬ್ಬ ಮನುಷ್ಯನಷ್ಟು ಭಾರವಾಗುವ ಈ ವಸ್ತುವನ್ನು ಒಮ್ಮೆ ತುಂಬಿದ ಮೇಲೆ ಸರಿಸುವಂತಿಲ್ಲ. ಹಳೆಯ ಮನೆಯ ಕೆಂಪು ರೆಡ್‌ಆಕ್ಸೈಡ್ ನೆಲಕ್ಕೆ ನೀರು ಹರಿದುಹೋಗಲೆಂದು ಬಿಟ್ಟ ಇಳಿಜಾರು ಇತ್ತು. ಗಾರೆಯವರು ಮಟ್ಟ ನೋಡಲು ಬಳಸುವ ನೀರು ತುಂಬಿದ ಪಾರದರ್ಶಕ ಪೈಪನ್ನು ಹಿಡಿದು, ಮೇಜಿನ ಎರಡು ಕಾಲುಗಳಿಗೆ ಚೂರು ಹಲಗೆ ಕೊಟ್ಟು ಸಮ ಮಾಡಿ, ಮೇಲೆ ಥರ್ಮಾಕೋಲ್ ಹಾಳೆ ಹಾಸಿ ತೊಟ್ಟಿ ಇಟ್ಟೆವು.

ರೊಟ್ಟಿ ಹಿಟ್ಟಿನ ಹದಕ್ಕೆ ಕಲಸಿದ ಮಣ್ಣನ್ನು ಒಂದು ಅಂಗುಲ ಹರಡಿ, ಮುಂದಿನ ಗಾಜಿನ ಬಳಿ ಎರಡು ಬೆರಳಗಲ ಖಾಲಿ ಬಿಟ್ಟೆ. ಕೆಂಪು ಮಣ್ಣಿನ ಗೆರೆ ಹೊರಗೆ ಕಾಣಬಾರದೆಂಬ ಶೋಕಿ ಅಷ್ಟೆ. ಮೇಲೆ ಒಂದು ಅಂಗುಲ ದಪ್ಪಮರಳು. ಅದಕ್ಕೆ ಮುಂಚೆ ಮರಳಿನ ಮೇಲೆ ವಿನೆಗರ್ ಹನಿಸಿ ಗುಳ್ಳೆ ಏಳುವುದಿಲ್ಲವೆಂದು, ಅಂದರೆ ಸುಣ್ಣದ ಅಂಶ ಇಲ್ಲವೆಂದು ಖಚಿತಪಡಿಸಿಕೊಂಡಿದ್ದೆ; ಚೀಲದ ಚಿಪ್ಪನ್ನಾದರೆ ಬೇಕೆಂದಾಗ ಹೊರಗೆ ತೆಗೆಯಬಹುದು, ಮರಳಿನ ಸುಣ್ಣವನ್ನು ಹಾಗೆ ತೆಗೆಯಲಾಗದು. ನೀರು ತುಂಬುವಾಗ ಮರಳು ಕದಡಿದರೆ ಕೆಳಗಿನ ಮಣ್ಣೆಲ್ಲ ಮೇಲೇಳುತ್ತದೆ. ಅದಕ್ಕೆಂದು ಅಮ್ಮ ಒಂದು ಅಡಿಕೆ ಹಾಳೆಯ ತುಂಡನ್ನು ತಂದು ಮರಳಿನ ಮೇಲೆ ಮಲಗಿಸಿದರು. ಚೊಂಬಿನಿಂದ ಸುರಿದ ನೀರು ಹಾಳೆಯ ಮೇಲೆ ಬಿದ್ದು, ಅಂಚಿನಿಂದ ಸದ್ದಿಲ್ಲದೆ ಜಾರಿ ನಾಲ್ಕೂ ಕಡೆ ಹರಡಿತು. ನೀರು ಏರಿದಂತೆ ಹಾಳೆಯೂ ತೇಲುತ್ತ ಮೇಲೆ ಬಂತು. ಅಂಗಡಿಯಲ್ಲಿ ಇದಕ್ಕೆಂದೇ ಮಾರುವ ಯಾವ ಸಲಕರಣೆಯೂ ಇಷ್ಟು ಚೆನ್ನಾಗಿ ಕೆಲಸ ಮಾಡಲಾರದು.

ಶಿವಮೊಗ್ಗದಿಂದ ತಂದಿದ್ದ ಗಿಡಗಳನ್ನು ಪಟಕದ ನೀರಿನಲ್ಲಿ ನೆನೆಸಿ, ತೊಳೆದು, ಅರ್ಧ ನೀರು ತುಂಬಿದ ಹಂತದಲ್ಲಿ ಚಿಮಟದಿಂದ ನೆಟ್ಟೆ. ರೋಟಾಲಾ ಮ್ಯಾಕ್ರಾಂಡ್ರಾ ಎಂಬ ಕೆಂಪೆಲೆಯ ಸುಂದರಿ ನಮ್ಮ ಪಶ್ಚಿಮಘಟ್ಟದ್ದೇ ಗಿಡ; ಆದರೆ ಅದಕ್ಕೆ ಪ್ರಖರ ಬೆಳಕೂ ಹೆಚ್ಚುವರಿ ಇಂಗಾಲವೂ ಬೇಕಾದ್ದರಿಂದ ಊರಿನವಳನ್ನು ಬಿಟ್ಟು ಶ್ರೀಲಂಕಾದ ಕ್ರಿಪ್ಟೋಕೊರೈನನ್ನು ಒಪ್ಪಿಕೊಂಡೆ. ಬೇಗ ಬೆಳೆಯುವ ಹೈಗ್ರೊಫಿಲಾ, ಹಾರ್ನ್‌ವರ್ಟ್‌ಗಳನ್ನು ಧಾರಾಳವಾಗಿ ತುಂಬಿದೆ. ಅನೂಬಿಯಸ್ಸಿನ ಗೆಡ್ಡೆಯಂಥ ಕಾಂಡ ಮಣ್ಣಿನಲ್ಲಿ ಹೂತರೆ ಕೊಳೆಯುವುದರಿಂದ ಅದನ್ನು ಕಲ್ಲಿಗೆ ದಾರದಿಂದ ಕಟ್ಟಿದೆ.

ಮುಂದಿನ ವಾರಗಳಲ್ಲಿ ನೋಡಿದವರೆಲ್ಲ ಮರುಗುವಂಥ ಸ್ಥಿತಿ ತೊಟ್ಟಿಗೆ ಬಂತು. ಕ್ರಿಪ್ಟೋಕೊರೈನಿನ ಎಲೆಗಳು ಪಾರದರ್ಶಕವಾಗಿ, ಲೋಳೆಯಾಗಿ ಕರಗಿದವು. ಗಾಜಿನ ಮೇಲೆ ಡಯಾಟಮ್ ಎಂಬ ಸೂಕ್ಷ್ಮ ಪಾಚಿಯ ಕಂದು ಪುಡಿ ಕೂತಿತು. ಎರಡೂ ಹೊಸ ತೊಟ್ಟಿಯಲ್ಲಿ ಆಗುವಂಥವೇ. ನರ್ಸರಿಯಲ್ಲಿ ನೀರಿನ ಮೇಲೆ ಬೆಳೆಸಿದ ಗಿಡ ತನ್ನ ಹಳೆಯ ಎಲೆಗಳನ್ನು ಕಳೆದುಕೊಂಡು, ನೀರೊಳಗೆ ಬಾಳುವ ತೆಳುವಾದ ಹೊಸ ಎಲೆಗಳನ್ನು ಬುಡದಿಂದ ಹೊರಡಿಸಬೇಕು. ಬೇರನ್ನು ಕೀಳದೆ ಬಿಟ್ಟದ್ದಕ್ಕೆ ಕಿರುಬೆರಳ ಉಗುರಿನಷ್ಟು ಕಂದು ಎಲೆಗಳು ಸುರುಳಿ ಬಿಚ್ಚಿಕೊಂಡು ಬಂದವು. ದೀಪವನ್ನು ಬೆಳಗ್ಗೆ ನಾಲ್ಕು ತಾಸು, ಸಂಜೆ ನಾಲ್ಕು ತಾಸು ಹಚ್ಚಿ ನಡುವೆ ಬಿಡುವು ಕೊಡುತ್ತಿದ್ದೆ. ಆ ಬಿಡುವಿನಲ್ಲಿ ಮಣ್ಣಿನಿಂದ ಬರುವ ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಮತ್ತೆ ಸೇರಿಕೊಳ್ಳುತ್ತದೆ. ದೀಪ ಹೊತ್ತಿ ಸ್ವಲ್ಪ ಹೊತ್ತಾದ ಮೇಲೆ ಹಾರ್ನ್‌ವರ್ಟಿನ ಮುರಿದ ತುದಿಯಿಂದ ಆಮ್ಲಜನಕದ ಗುಳ್ಳೆಗಳು ಸರವಾಗಿ ಹೊರಡುವುದನ್ನು ಕಂಡಾಗ, ಶಾಲೆಯಲ್ಲಿ ಆಲಿಕೆಯ ಕೆಳಗೆ ಹೈಡ್ರಿಲಾ ಇಟ್ಟು ಬರೆದ ಚಿತ್ರಕ್ಕೆ ಅರ್ಥ ಬಂತು.

ಕಣ್ಣಿಗೆ ಕಾಣದ ಕೆಲಸವೊಂದು ಜೊತೆಗೇ ನಡೆಯುತ್ತಿತ್ತು. ಕೊಳೆತ ಎಲೆಗಳಿಂದ ಬರುವ ಅಮೋನಿಯಾವನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಆಗಿಯೂ, ಇನ್ನೊಂದು ಬಗೆಯದು ಅದನ್ನು ಹೆಚ್ಚು ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಈ ಎರಡು ಬಳಗಗಳು ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ನೀರು ತೀರಾ ಆಮ್ಲೀಯವಾದರೆ ಇವುಗಳ ಕೆಲಸ ಕುಂಠಿತವಾಗುವುದರಿಂದಲೇ ಚಿಪ್ಪಿನ ಚೀಲ ಬೇಕಾದದ್ದು. ಪರೀಕ್ಷೆಯ ಕೊಳವೆಯಲ್ಲಿ ಅಮೋನಿಯಾದ ಹಸಿರು ಹೋಗಿ ಹಳದಿಯೇ ನಿಲ್ಲುವವರೆಗೆ, ನೈಟ್ರೈಟಿನ ನೇರಳೆ ಹೋಗಿ ತಿಳಿನೀಲಿಯೇ ಉಳಿಯುವವರೆಗೆ ಮೀನು ತರಲಿಲ್ಲ. ನೆರೆಮನೆಯ ಹುಡುಗನಿಗಂತೂ ಇದು ಮೀನಿಲ್ಲದ ಮೀನಿನ ತೊಟ್ಟಿಯಾಗಿ ತಮಾಷೆಯ ವಸ್ತುವಾಗಿತ್ತು.

ಕೊನೆಗೆ ಮೀನು ತರುವಾಗ ಅಂಗಡಿಯವರು ಗಪ್ಪಿಗಳನ್ನೇ ಮುಂದೊಡ್ಡಿದರು. ಗಪ್ಪಿಗೆ ಗಡಸುನೀರು ಹಿತ, ನಮ್ಮದು ಮೃದುನೀರು. ಮಲಯಾ ಕಡೆಯ ಆಮ್ಲೀಯ ತೊರೆಗಳಿಂದ ಬಂದ ಹಾರ್ಲೆಕ್ವಿನ್ ರಾಸ್ಬೋರಾಗಳಿಗೆ ಇದೇ ಸರಿಯೆನಿಸಿ ಎಂಟನ್ನು ಆರಿಸಿದೆ. ಸ್ಪಂಜಿನ ಫಿಲ್ಟರಿಗೆ ಗಾಳಿ ಊದುವ ಪಂಪು ಕರೆಂಟಿಲ್ಲದಾಗ ನಿಲ್ಲುತ್ತದೆ, ರಾತ್ರಿ ಗಿಡಗಳೂ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. ಆದ್ದರಿಂದ ಇನ್ನಷ್ಟು ಮೀನಿಗೆ ಜಾಗ ಕಂಡರೂ ಸಂಖ್ಯೆಯನ್ನು ಎಂಟಕ್ಕೇ ನಿಲ್ಲಿಸಿದ್ದೇನೆ. ಹೈಗ್ರೊಫಿಲಾ ಈಗ ನೀರಿನ ಮಟ್ಟ ದಾಟಿ ಬೆಳೆಯುತ್ತಿರುವುದರಿಂದ ವಾರಕ್ಕೊಮ್ಮೆ ಕತ್ತರಿಸಬೇಕಾಗುತ್ತದೆ. ಅಕ್ವೇರಿಯಂಗಳಿಂದ ಹೊರಬಿದ್ದ ಸಕ್ಕರ್ ಮೀನು ಎಷ್ಟೋ ಕೆರೆ ಹೊಳೆಗಳನ್ನು ಆಕ್ರಮಿಸಿರುವುದು ಗೊತ್ತಿರುವುದರಿಂದ, ಕತ್ತರಿಸಿದ ಒಂದು ತುಂಡನ್ನೂ ಹಳ್ಳಕ್ಕೆ ಎಸೆಯದೆ ಗೊಬ್ಬರದ ಗುಂಡಿಗೇ ಹಾಕುತ್ತೇವೆ. ಬದಲಾಯಿಸಿದ ನೀರನ್ನು ಅಮ್ಮ ಮಲ್ಲಿಗೆಯ ಬುಡಕ್ಕೆ ಸುರಿಯುತ್ತಾರೆ, ಒಂದು ವಾರ ತಡವಾದರೆ ನೆನಪಿಸುವವರೂ ಅವರೇ.