ಸಿಂಕ್ ಕೆಳಗಿನ ಸೋರಿಕೆ: ಹನಿ ಬೀಳುವ ಜಾಗ ಬೇರೆ, ಸೋರುವ ಜಾಗ ಬೇರೆ

ಸಿಂಕ್ ಕೆಳಗೆ ಒದ್ದೆಯಾಗಿದೆ ಎಂದ ಕೂಡಲೇ ಸ್ಪ್ಯಾನರ್ ಹಿಡಿದು ಕಂಡ ಕಂಡ ನಟ್ಟನ್ನೆಲ್ಲ ಬಿಗಿ ಮಾಡಲು ಹೊರಡುತ್ತಾರೆ. ಹೊಸದಾಗಿ ಪ್ಲಂಬಿಂಗ್ ಕೆಲಸಕ್ಕೆ ಬಂದವರಿಗೆ ನಾವು ಮೊದಲು ಬಿಡಿಸುವ ಅಭ್ಯಾಸ ಇದೇ. ನೀರು ಪೈಪಿನ ಮೈ ಹಿಡಿದು ಇಳಿಯುತ್ತದೆ, ಎಲ್ಲಕ್ಕಿಂತ ತಗ್ಗಿನಲ್ಲಿರುವ ನಟ್ಟಿನ ಅಂಚಿನಿಂದ ತೊಟ್ಟಿಕ್ಕುತ್ತದೆ. ಬಾಟಲ್ ಟ್ರ್ಯಾಪಿನ (ವಾಸನೆ ಮೇಲೆ ಬರದಂತೆ ನೀರು ಹಿಡಿದಿಡುವ ಬಾಟಲಿಯಂಥ ಭಾಗ) ತಳದಲ್ಲಿ ಹನಿ ಕಂಡರೂ ಸೋರುತ್ತಿರುವುದು ಮೇಲಿನ ಕಪ್ಲಿಂಗ್ (ಸಿಂಕಿನ ತೂತಿಗೆ ಕೂರಿಸುವ, ನೀರು ಇಳಿಯುವ ತುಂಡು) ಆಗಿರಬಹುದು.

ಎಲ್ಲಿ ಎಂದು ಹುಡುಕುವ ಮೊದಲು ಯಾವಾಗ ಸೋರುತ್ತದೆ ಎಂದು ಮನೆಯವರನ್ನು ಕೇಳಿ. ರಾತ್ರಿಯಿಡೀ ಯಾರೂ ಬಳಸದಿದ್ದರೂ ಬೆಳಗ್ಗೆ ಒದ್ದೆ ಇದ್ದರೆ ಒತ್ತಡದ ನೀರು ಸೋರುತ್ತಿದೆ ಎಂದರ್ಥ: ಆಂಗಲ್ ಕಾಕ್ (ನೀರು ಬಂದ್ ಮಾಡಲು ಗೋಡೆಯಲ್ಲಿರುವ ಸಣ್ಣ ಕಾಕ್) ಅಥವಾ ಅಲ್ಲಿಂದ ನಲ್ಲಿಗೆ ಹೋಗುವ ಕನೆಕ್ಷನ್ ಪೈಪ್ ನೋಡಬೇಕು. ನೀರು ಹರಿದು ಹೋಗುವಾಗ ಮಾತ್ರ ಸೋರಿದರೆ ವೇಸ್ಟ್ ಲೈನು, ಅಂದರೆ ಬಳಸಿದ ನೀರು ಹೊರಹೋಗುವ ಪೈಪು. ಸಿಂಕ್ ತುಂಬಿ ನಿಂತಾಗ ಮಾತ್ರ ಸೋರಿದರೆ ಕಪ್ಲಿಂಗ್ ಸೀಲು ಅಥವಾ ತುಂಬಿ ಚೆಲ್ಲದಂತೆ ಮೇಲಂಚಿನ ಬಳಿ ಇರುವ ತೂತು, ಅಂದರೆ ಓವರ್‌ಫ್ಲೋ. ನಲ್ಲಿಯ ಸುತ್ತ ನೀರು ಚೆಲ್ಲಿದಾಗ ಮಾತ್ರವಾದರೆ ನಲ್ಲಿಯ ಬುಡದ ಗ್ಯಾಸ್ಕೆಟ್. ಸೆಕೆಂಡಿಗೊಂದು ಹನಿ ಎಂದರೆ ದಿನಕ್ಕೆ ಸುಮಾರು 20 ಲೀಟರ್. ‘ಸ್ವಲ್ಪವೇ ತಾನೇ’ ಎಂದು ಬಿಡುವಂಥದ್ದಲ್ಲ.

ಆಮೇಲೆ ಎಲ್ಲ ಜಾಯಿಂಟನ್ನೂ ಬಟ್ಟೆಯಿಂದ ಪೂರ್ತಿ ಒಣಗಿಸಿ, ಒಂದೊಂದಕ್ಕೂ ಟಿಶ್ಯೂ ಪೇಪರ್ ಸುತ್ತಿ. ಮೊದಲು ನಲ್ಲಿ ಮುಚ್ಚಿಟ್ಟು ಹತ್ತು ನಿಮಿಷ ಕಾಯಿರಿ. ನಂತರ ನಲ್ಲಿ ಬಿಟ್ಟು ನೋಡಿ. ಕೊನೆಗೆ ಸಿಂಕನ್ನು ಓವರ್‌ಫ್ಲೋವರೆಗೆ ತುಂಬಿಸಿ ಒಮ್ಮೆಲೇ ಬಿಡಿ. ಎಲ್ಲಕ್ಕಿಂತ ಮೇಲೆ ಯಾವ ಕಾಗದ ಮೊದಲು ನೆನೆಯಿತೋ ಅಲ್ಲೇ ಮೂಲ. ಸಣ್ಣದಾಗಿ ನೀರು ಬಿಟ್ಟರೆ ಎಷ್ಟೋ ಸೋರಿಕೆ ಕಾಣುವುದೇ ಇಲ್ಲ, ಪೈಪ್ ತುಂಬಿ ಹರಿದಾಗಲೇ ಹೊರಬೀಳುತ್ತದೆ.

ಆಂಗಲ್ ಕಾಕ್‌ನ ಹಿಡಿಕೆ ಬುಡದಲ್ಲಿ ಜಿನುಗಿದರೆ ಗ್ಲ್ಯಾಂಡ್ ನಟ್ಟನ್ನು (ಹಿಡಿಕೆಯ ಕಡ್ಡಿಯ ಸುತ್ತ ಇರುವ ನಟ್ಟು) ಸುತ್ತಿನ ಎಂಟನೇ ಒಂದು ಭಾಗದಷ್ಟು ತಿರುಗಿಸಿದರೆ ಬಹುತೇಕ ನಿಲ್ಲುತ್ತದೆ. ಕನೆಕ್ಷನ್ ಪೈಪಿನ ನಟ್ಟಿನಲ್ಲಿ ಸೋರಿದರೆ ನೀರು ಬಂದ್ ಮಾಡಿ, ಬಿಚ್ಚಿ, ಒಳಗಿನ ರಬ್ಬರ್ ವಾಷರ್ ಬದಲಿಸಿ. ಅಲ್ಲಿ ಸೀಲ್ ಮಾಡುವುದು ವಾಷರ್, ಥ್ರೆಡ್ ಅಲ್ಲ. ಟೆಫ್ಲಾನ್ ಟೇಪ್ ಸುತ್ತಿದರೆ ನಟ್ಟು ಬಿಗಿಯಾದಂತೆ ತೋರುತ್ತದೆ, ವಾಷರ್ ಮಾತ್ರ ಕೂರುವುದಿಲ್ಲ. ಕೈಯಲ್ಲಿ ಬಿಗಿ ಮಾಡಿ, ಸ್ಪ್ಯಾನರಿನಲ್ಲಿ ಕಾಲು ಸುತ್ತು ಕೊಟ್ಟರೆ ಸಾಕು. ಬಿಚ್ಚುವಾಗಲೂ ಬಿಗಿಯುವಾಗಲೂ ಕಾಕ್‌ನ ಮೈಯನ್ನು ಇನ್ನೊಂದು ಸ್ಪ್ಯಾನರಿನಿಂದ ಹಿಡಿದಿರಲೇಬೇಕು. ಇಲ್ಲದಿದ್ದರೆ ಗೋಡೆಯೊಳಗಿನ ಜಾಯಿಂಟ್ ಸಡಿಲವಾಗಿ, ಹತ್ತು ನಿಮಿಷದ ಕೆಲಸಕ್ಕೆ ಟೈಲ್ಸ್ ಒಡೆಯಬೇಕಾದೀತು. ಸ್ಟೀಲ್ ಹೆಣಿಗೆಯ ಪೈಪಿನಲ್ಲಿ ತುಕ್ಕು, ಉಬ್ಬು, ಕಿತ್ತ ಎಳೆ ಕಂಡರೆ ರಿಪೇರಿ ಮಾತೇ ಬೇಡ, ಬದಲಿಸಿ.

ಹೆಚ್ಚು ಸತಾಯಿಸುವುದು ಕಪ್ಲಿಂಗ್. ಓವರ್‌ಫ್ಲೋ ಇರುವ ವಾಷ್ ಬೇಸಿನ್ನಿನ ಕಪ್ಲಿಂಗ್‌ಗೆ ಪಕ್ಕದಲ್ಲಿ ಕಿಂಡಿ ಇರುತ್ತದೆ. ಆ ಕಿಂಡಿಯಿಂದ ನೀರು ಕಪ್ಲಿಂಗ್‌ಗೂ ಬೇಸಿನ್ನಿನ ತೂತಿಗೂ ನಡುವಿನ ಸಂದಿಗೆ ಬರುತ್ತದೆ, ಅಲ್ಲಿಂದ ಥ್ರೆಡ್ಡಿನ ಕಾಲುವೆಯಲ್ಲೇ ಸುತ್ತಿ ಸುತ್ತಿ ಇಳಿದು ನಟ್ಟಿನ ಕೆಳಗೆ ಹನಿಯುತ್ತದೆ. ಮೇಲೆ ಎಷ್ಟು ಸಿಲಿಕಾನ್ ಮೆತ್ತಿದರೂ ಇದು ನಿಲ್ಲದು. ಕಪ್ಲಿಂಗ್ ಬಿಚ್ಚಿ, ಹಳೆಯ ಪುಟ್ಟಿ ಕೆರೆದು, ಎರಡೂ ಮೈಯನ್ನು ಒಣಗಿಸಿ. ಕಿಂಡಿಗಿಂತ ಕೆಳಗೆ, ವಾಷರ್ ಮತ್ತು ನಟ್ಟು ಕೂರುವಲ್ಲಿ, ಥ್ರೆಡ್ಡಿಗೆ ಎಂಟು ಹತ್ತು ಸುತ್ತು ಟೇಪ್ ಸುತ್ತಿ. ಥ್ರೆಡ್ಡಿನ ತುದಿ ನಿಮ್ಮ ಕಡೆ ಇಟ್ಟುಕೊಂಡು ಗಡಿಯಾರದ ಮುಳ್ಳಿನ ದಿಕ್ಕಿಗೆ. ಕಿಂಡಿ ಮುಚ್ಚಿಹೋಗಬಾರದು. ಮೇಲಿನ ಅಂಚಿನಡಿ ಸಿಲಿಕಾನಿನ ತೆಳು ಗೆರೆ. ಕೆಳಗಿನಿಂದ ಮೊದಲು ರಬ್ಬರ್ ವಾಷರ್, ಆಮೇಲೆ ಪ್ಲಾಸ್ಟಿಕ್ ವಾಷರ್, ಕೊನೆಗೆ ನಟ್ಟು. ನಡುವಿನ ಪ್ಲಾಸ್ಟಿಕ್ಕನ್ನು ಬಿಟ್ಟರೆ ನಟ್ಟು ತಿರುಗಿದಂತೆ ರಬ್ಬರೂ ತಿರುಚಿ ಒಂದು ಪಕ್ಕಕ್ಕೆ ಹಿಂಡಿಕೊಳ್ಳುತ್ತದೆ. ಬಿಗಿಯುವಾಗ ಮೇಲಿನ ಭಾಗ ತಿರುಗದಂತೆ ಹಿಡಿದುಕೊಳ್ಳಿ. ಪಿಂಗಾಣಿ ಬೇಸಿನ್ನಾದರೆ ಬಲ ಹಾಕಬೇಡಿ, ಬಿರುಕು ಬಿಡುತ್ತದೆ. ಸಿಲಿಕಾನ್ ಒಣಗಲು 24 ಗಂಟೆ ನೀರು ಬಿಡದಿದ್ದರೆ ಒಳ್ಳೆಯದು.

ಟ್ರ್ಯಾಪ್ ಬಿಚ್ಚುವ ಮೊದಲು ಕೆಳಗೆ ಬಕೆಟ್ ಇಡಿ, ಬ್ಲಾಕ್ ತೆಗೆಯುವ ಕೆಮಿಕಲ್ ಯಾರಾದರೂ ಸುರಿದಿದ್ದಾರೆಯೇ ಎಂದು ಕೇಳಿ. ಸುರಿದಿದ್ದರೆ ಗ್ಲೌಸ್ ಮತ್ತು ಕನ್ನಡಕ ಇಲ್ಲದೆ ಕೈ ಹಾಕಬೇಡಿ. ಪ್ಲಾಸ್ಟಿಕ್ ಟ್ರ್ಯಾಪಿನ ನಟ್ಟಿಗೆ ಕೈ ಬಿಗಿಯೇ ಸಾಕು, ಪಾನಾ ಹಾಕಿದರೆ ಸೀಳುತ್ತದೆ. ಕೈಯಲ್ಲಿ ಬಿಗಿದರೂ ಸೋರುತ್ತಿದ್ದರೆ ಪೈಪ್ ಓರೆಯಾಗಿ ಕೂತಿದೆಯೇ, ವಾಷರ್ ತಲೆಕೆಳಗಾಗಿದೆಯೇ ನೋಡಿ. ಕೋನ್ ವಾಷರಿನ ಸಪೂರ ತುದಿ ಜಾಯಿಂಟಿನೊಳಗೆ ಹೋಗಬೇಕು, ಚಪ್ಪಟೆ ಮೈ ನಟ್ಟಿನ ಕಡೆ ಇರಬೇಕು. ಪೈಪನ್ನು ನೇರವಾಗಿ ಕೊಯ್ದು, ಅಂಚಿನ ಮುಳ್ಳು ಕೆರೆದಿರಬೇಕು. ಹಿತ್ತಾಳೆ ಟ್ರ್ಯಾಪಿನ ಬಾಗಿನಲ್ಲಿ ಹಸಿರು ಕಲೆಯ ನಡುವೆ ಸೂಜಿ ತೂತು ಬಿದ್ದಿದ್ದರೆ ಲೋಹ ಒಳಗಿನಿಂದಲೇ ಸವೆದಿದೆ. ಎಪಾಕ್ಸಿ ಅಂಟು ಹಚ್ಚಿದರೆ ಪಕ್ಕದಲ್ಲೇ ಇನ್ನೊಂದು ತೂತು ಬೀಳುತ್ತದೆ.

ಪೈಪಿನ ಉದ್ದಕ್ಕೂ ಒಂದೇ ಸಮ ಹನಿ ಕೂತಿದ್ದರೆ ಅದು ಸೋರಿಕೆಯಲ್ಲ, ತಣ್ಣೀರಿನ ಪೈಪ್ ಬೆವರಿರುವುದು. ಫೋಮ್ ತೋಳು ಹಾಕಿದರೆ ಆಯಿತು.

ಕೆಲಸ ಮುಗಿದ ಮೇಲೆ ಬಿಸಿನೀರು ಬರುವ ಸಿಂಕಾದರೆ ಒಮ್ಮೆ ಬಿಸಿ, ಒಮ್ಮೆ ತಣ್ಣೀರು ಬಿಡಿ. ಪ್ಲಾಸ್ಟಿಕ್ ಹಿಗ್ಗಿ ಕುಗ್ಗಿದಾಗ ಅರೆಬರೆ ಕೂತ ವಾಷರ್ ಬಯಲಾಗುತ್ತದೆ. ಕೆಳಗೆ ಒಣ ಪೇಪರ್ ಹಾಸಿ, ಮಾರನೆಯ ದಿನ ನೋಡಿ ಹೇಳಲು ಮನೆಯವರಿಗೆ ತಿಳಿಸಿ. ಅಲ್ಲಿಯವರೆಗೆ ಆ ಕಪಾಟಿಗೆ ಸಾಮಾನು ತುಂಬಿಸುವುದು ಬೇಡ.