ವಾರ್ಫ್ ನೋಡದೆ ವಾರ್ಫೇಜ್ ವಸೂಲಿ ಮಾಡಿದವನ ಹಡಗು ಪ್ರಯಾಣ

36 ವರ್ಷ ನಾನು ವಾರ್ಫೇಜ್ ವಸೂಲಿ ಮಾಡಿದ್ದೇನೆ. ಹಾವೇರಿ, ಗದಗ, ಕೊನೆಗೆ ಹುಬ್ಬಳ್ಳಿ ಗೂಡ್ಸ್ ಶೆಡ್. ರೈಲಿನಿಂದ ಇಳಿದ ಮಾಲನ್ನು ಕೊಟ್ಟ ಟೈಮಿನೊಳಗೆ ಒಯ್ಯದಿದ್ದರೆ ವ್ಯಾಪಾರಿ ಕಟ್ಟಬೇಕಾದ ದುಡ್ಡು ಅದು. ವ್ಯಾಗನ್ನನ್ನೇ ಖಾಲಿ ಮಾಡದೆ ತಡೆದು ನಿಲ್ಲಿಸಿದರೆ ಡೆಮರೇಜ್. ಎರಡೂ ಹಡಗಿನವರ ಮಾತು. ವಾರ್ಫ್ ಅಂದರೆ ಹಡಗು ಬಂದು ಒರಗುವ ಕಟ್ಟೆ. ಹಡಗಿನವರಿಂದ ರೈಲ್ವೆಯವರು ಎರವಲು ತಂದರು, ನಾವು ಘಟ್ಟದ ಈಚೆ ಕೂತು ರಸೀದಿ ಹರಿದೆವು. ವಾಸ್ಕೋ ತನಕ ಹೋಗಿದ್ದೆ, ನಿಜ. ಆದರೆ ಬಂದರಿನ ಗೇಟಿನ ಒಳಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ.

ಹಾಗಾಗಿ ರಿಟೈರ್ ಆದ ಮೇಲೆ ಮಗಳು "ಎಲ್ಲಿಗಾದ್ರೂ ಹೋಗಿ ಬರ್ರಿ ಅಪ್ಪಾ" ಅಂದಾಗ ನಾನು ಕಾಶಿ ಅನ್ನಲಿಲ್ಲ, ಬಂದರು ಅಂದೆ. ಸಿಂಗಾಪುರದಲ್ಲಿ ಹತ್ತಿ ಹಾಂಗ್‌ಕಾಂಗ್‌ನಲ್ಲಿ ಇಳಿಯುವ 16 ರಾತ್ರಿಯ ಕ್ರೂಸ್ ಸಿಕ್ಕಿತು. ಕಿಟಕಿ ಇಲ್ಲದ ರೂಮು, ಅದಕ್ಕೇ ಅಗ್ಗ. ವೀಸಾ ಕೆಲಸವನ್ನೆಲ್ಲ ಮಗಳೇ ಮಾಡಿದಳು. ಮಲೇಷ್ಯಾ, ಥಾಯ್ಲೆಂಡಿಗೆ ನಮಗೆ ವೀಸಾ ಬೇಕಾಗಲಿಲ್ಲ. ಹಾಂಗ್‌ಕಾಂಗ್‌ಗೆ ಆನ್‌ಲೈನ್‌ನಲ್ಲಿ ಮುಂಚೆ ಹೆಸರು ನೋಂದಾಯಿಸಿದರೆ ಸಾಕು. ಸಿಂಗಾಪುರ, ವಿಯೆಟ್ನಾಂಗೆ ಮಾಡಿಸಲೇಬೇಕು. ಬೆಂಗಳೂರಿನವರೆಗೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನಲ್ಲಿ ಹೋದೆವು. ಪಾಸ್ ಇರುವಾಗ ವಿಮಾನಕ್ಕೆ ಯಾಕೆ ಸುಮ್ನೆ ದುಡ್ಡು ಹಾಕೋದು?

ಮೊದಲ ಗಲಾಟೆ ಹಡಗು ಹತ್ತುವ ಮುಂಚೆಯೇ ಆಯಿತು. ನನ್ನ ಹೆಂಡತಿ ಗದಗಿನವಳು. 40 ಕಟಕ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಎಲ್ಲ ಕಟ್ಟಿಕೊಂಡು ಬಂದಿದ್ದಳು. ಸಿಂಗಾಪುರದ ಏರ್‌ಪೋರ್ಟಿನಲ್ಲಿ ಯಾರೂ ಏನೂ ಕೇಳಲಿಲ್ಲ. ಹಡಗಿನ ಸ್ಕ್ಯಾನರ್ ಮಾತ್ರ ಹಿಡಿಯಿತು. ಮನೆಯಲ್ಲಿ ಮಾಡಿದ ಅಡುಗೆ ಒಳಗೆ ತರುವಂತಿಲ್ಲ ಅಂದರು. ಟಿಕೆಟಿನ ಜೊತೆ ಬಂದ ಕಾಗದದ ಹನ್ನೊಂದನೇ ಪುಟದಲ್ಲಿ ಅದು ಇತ್ತಂತೆ. ಮಾಲಿನ ಬಿಲ್ಟಿಯ ಹಿಂದಿನ ಸಣ್ಣ ಅಕ್ಷರ ಓದಿಲ್ಲ ಅಂತ ವ್ಯಾಪಾರಿಗಳಿಗೆ ನಾನೇ ಎಷ್ಟು ಸಲ ಬೈದಿದ್ದೆನೋ!

"ಇದು ಅಡಗಿ ಅಲ್ರೀ, ರೊಟ್ಟಿ!" ಅಂತ ಇವಳು ಸ್ಕ್ಯಾನರ್ ಹತ್ತಿರ ನಿಂತಿದ್ದ ಫಿಲಿಪ್ಪೀನ್ಸ್ ಹುಡುಗಿಗೆ ಅಚ್ಚ ಕನ್ನಡದಲ್ಲೇ ಹೇಳಿದಳು. ಆಕೆ ನಕ್ಕಳು, ಆದರೆ ಬಿಡಲಿಲ್ಲ. ಸೀಲ್ ಇದ್ದ ಧಾರವಾಡ ಪೇಡಾ ಡಬ್ಬಿ ಮಾತ್ರ ಪಾಸಾಯಿತು. ಆ ರಾತ್ರಿ ಇವಳು ಊಟಕ್ಕೇ ಏಳಲಿಲ್ಲ.

ನಾನು ಒಬ್ಬನೇ ಡೆಕ್ ಮೇಲೆ ಹೋದೆ. ಅಲ್ಲಿ ನೋಡಿದ್ದನ್ನು ಮಾತ್ರ ಮರೆಯುವ ಹಾಗಿಲ್ಲ. ಸಿಂಗಾಪುರದ ಹೊರಗೆ ಸಮುದ್ರದ ತುಂಬ ದೀಪ. ಒಂದೊಂದು ದೀಪದ ಗೊಂಚಲೂ ಒಂದೊಂದು ಹಡಗು. ಎಣಿಸತೊಡಗಿದೆ, ಅರವತ್ತರ ಹತ್ತಿರ ಲೆಕ್ಕ ತಪ್ಪಿತು. ಎಲ್ಲವೂ ಲಂಗರು ಹಾಕಿ ಪಾಳಿಗೆ ಕಾಯುತ್ತಿದ್ದವು, ಸ್ಟೇಷನ್ನಿನ ಹೊರಗೆ ಹೋಮ್ ಸಿಗ್ನಲ್ ಹತ್ತಿರ ನಿಂತ ಗೂಡ್ಸ್ ಗಾಡಿಗಳ ಹಾಗೆ. ನಡುವಿನ ದಾರಿಯಲ್ಲಿ ಹೋಗುವ ಹಡಗು ಒಂದು ಸಾಲು, ಬರುವ ಹಡಗು ಇನ್ನೊಂದು ಸಾಲು. ಥೇಟ್ ಅಪ್ ಲೈನ್, ಡೌನ್ ಲೈನ್! ಆ ಸಿಂಗಾಪುರ ಜಲಸಂಧಿ ಒಂದು ಕಡೆ ಬರೀ 2.8 ಕಿಲೋಮೀಟರ್ ಅಗಲ ಇದೆ. ಚೀನಾ, ಜಪಾನಿಗೆ ಹೋಗುವ ಎಣ್ಣೆ ಹಡಗೂ ಅದರಲ್ಲೇ ತೂರಬೇಕು, ನಾವೂ ಅದರಲ್ಲೇ ತೂರಬೇಕು.

ಮರುದಿನ ಮಲೇಷ್ಯಾದ ಪೋರ್ಟ್ ಕ್ಲಾಂಗ್. ಹೆಚ್ಚಿನವರು ಬಸ್ ಹತ್ತಿ ಒಂದು ತಾಸು ದೂರದ ಕ್ವಾಲಾಲಂಪುರಕ್ಕೆ, ಜೋಡಿ ಗೋಪುರ ನೋಡಲು ಹೋದರು. ನಾನು ಹೋಗಲಿಲ್ಲ. ಮೇಲಿನ ಡೆಕ್ಕಿನಲ್ಲಿ ಕುರ್ಚಿ ಹಾಕಿಕೊಂಡು ದೂರದ ಕಂಟೇನರ್ ಕ್ರೇನ್ ನೋಡುತ್ತ ಕೂತೆ. ಎರಡು ನಿಮಿಷಕ್ಕೆ ಒಂದು ಡಬ್ಬಿ. ಕ್ರೇನ್ ಬಗ್ಗುತ್ತದೆ, ಡಬ್ಬಿಯ ನಾಲ್ಕು ಮೂಲೆ ಹಿಡಿಯುತ್ತದೆ, ಎತ್ತುತ್ತದೆ, ಹಡಗಿನಿಂದ ಲಾರಿಗೆ ಇಡುತ್ತದೆ. ಸುತ್ತ ಒಬ್ಬ ಮನುಷ್ಯನೂ ಕಾಣುವುದಿಲ್ಲ. ನಮ್ಮಲ್ಲಿ ಒಂದು ವ್ಯಾಗನ್‌ನಲ್ಲಿ 50 ಕಿಲೋದ ಚೀಲ ಸಾವಿರದ ಮೇಲೆ ಇರುತ್ತಿದ್ದವು. ಒಂದೊಂದನ್ನೂ ಹಮಾಲರು ಬೆನ್ನ ಮೇಲೆ ಇಳಿಸಬೇಕು. ಇಂಥ ಡಬ್ಬಿಗಳನ್ನು ಹಡಗಿಗೆ ಏರಿಸುವ ಪದ್ಧತಿ ಬೆಳೆಸಿದ್ದು ಅಮೆರಿಕದ ಒಬ್ಬ ಲಾರಿ ಮಾಲೀಕ, ಮ್ಯಾಲ್ಕಮ್ ಮೆಕ್ಲೀನ್. ಅವನ ಮೊದಲ ಹಡಗು 1956ರ ಏಪ್ರಿಲ್‌ನಲ್ಲಿ, ನೆವಾರ್ಕ್‌ನಿಂದ ಹ್ಯೂಸ್ಟನ್‌ಗೆ, 58 ಡಬ್ಬಿ. ಚೀಲ ಬಿಚ್ಚದೆ, ಮತ್ತೆ ಎಣಿಸದೆ ಲಾರಿಯಿಂದ ಹಡಗಿಗೆ, ಹಡಗಿನಿಂದ ರೈಲಿಗೆ. ನಮ್ಮ ಶೆಡ್‌ನ ಹಮಾಲರ ಟೋಳಿ ವರ್ಷ ವರ್ಷ ಸಣ್ಣದಾದದ್ದಕ್ಕೆ ಈ ಡಬ್ಬಿಯ ಕೈವಾಡವೂ ಇದೆ.

ಈ ಡಬ್ಬಿಯಿಂದ ಇನ್ನೊಂದು ಆಗಿದೆ, ಅದು ಹಡಗಿನಲ್ಲಿ ಹೋದಾಗಲೇ ತಿಳಿಯುವುದು. ಬಂದರುಗಳು ಊರು ಬಿಟ್ಟು ಹೋಗಿವೆ. ಡಬ್ಬಿ ಇಡಲು ಜಾಗ ಬೇಕು, ದೊಡ್ಡ ಹಡಗಿಗೆ ಆಳ ಬೇಕು. ಅದಕ್ಕೇ ಕ್ರೂಸಿನ ಊರುಪಟ್ಟಿಯಲ್ಲಿ "ಬ್ಯಾಂಕಾಕ್" ಅಂತ ಇರುತ್ತದೆ, ಇಳಿಯುವುದು ಲೇಮ್ ಚಬಾಂಗ್‌ನಲ್ಲಿ, ಊರಿಗೆ ಎರಡು ತಾಸು. "ಹೋ ಚಿ ಮಿನ್ ಸಿಟಿ" ಅಂತ ಇರುತ್ತದೆ, ಇಳಿಯುವುದು ಫೂ ಮೀಯಲ್ಲಿ, ಮತ್ತೆ ಎರಡು ತಾಸು. ಹುಬ್ಬಳ್ಳಿ ಅಂತ ಟಿಕೆಟ್ ಕೊಟ್ಟು ರಾಣೆಬೆನ್ನೂರಿನಲ್ಲಿ ಇಳಿಸಿದ ಹಾಗೆ. ಬುಕ್ ಮಾಡುವವರು ಮೊದಲು ಬಂದರಿನ ಹೆಸರು ಕೇಳಿ, ಆಮೇಲೆ ದುಡ್ಡು ಕಟ್ಟಿ. ಸಿಂಗಾಪುರವೂ ತನ್ನ ಊರೊಳಗಿನ ಕಂಟೇನರ್ ಕಟ್ಟೆಗಳನ್ನು ಪಶ್ಚಿಮದ ತುದಿಯ ತುವಾಸ್‌ಗೆ ಸಾಗಿಸುತ್ತಿದೆ. ನದಿಯಲ್ಲಿದ್ದ ಸರಕಿನ ದೋಣಿಗಳನ್ನಂತೂ 1983ರಲ್ಲೇ ಹೊರಗೆ ಹಾಕಿದರು. ಅವು ನಿಲ್ಲುತ್ತಿದ್ದ ಬೋಟ್ ಕೀಯಲ್ಲಿ ಈಗ ಬರೀ ಹೋಟೆಲ್ಲು.

ಮಲೇಷ್ಯಾದ ಪೆನಾಂಗ್ ದ್ವೀಪ ಮಾತ್ರ ಹಾಗಲ್ಲ. ಅಲ್ಲೂ ಸರಕೆಲ್ಲ ಎದುರು ದಡದ ಬಟರ್‌ವರ್ತ್‌ಗೆ ಹೋಗಿದೆ, ಆದರೆ ಪ್ರಯಾಣಿಕರ ಹಡಗು ಈಗಲೂ ಜಾರ್ಜ್‌ಟೌನ್ ಊರಿಗೇ ಬಂದು ತಾಗುತ್ತದೆ. ಇಳಿದು ಐದು ನಿಮಿಷ ನಡೆದರೆ ವಿಕ್ಟೋರಿಯಾ ರಾಣಿಯ ಗಡಿಯಾರ ಗೋಪುರ. ರಾಣಿ 60 ವರ್ಷ ಆಳಿದಳು ಅಂತ 60 ಅಡಿ ಎತ್ತರ. ಮಹಾಯುದ್ಧದ ಬಾಂಬಿಗೆ ಒಂಚೂರು ವಾಲಿದೆ. ಅಲ್ಲಿಂದ ದಂಡೆ ಹಿಡಿದು ಮುಂದೆ ಹೋದರೆ ಕ್ಲ್ಯಾನ್ ಜೆಟ್ಟಿಗಳು. ನೀರಿನ ಮೇಲೆ ಕಂಬ ನೆಟ್ಟು, ಹಲಗೆ ಹಾಸಿ, ಅದರ ಮೇಲೆ ಮನೆ. ಒಂದೊಂದು ಜೆಟ್ಟಿಗೂ ಒಂದೊಂದು ಚೀನೀ ಮನೆತನ: ಚ್ಯೂ, ಲಿಮ್, ಟಾನ್, ಲೀ. ಒಂದು ಕಾಲಕ್ಕೆ ದೋಣಿ ನಡೆಸಿ ಹಡಗಿನ ಮಾಲು ಇಳಿಸುತ್ತಿದ್ದವರು ಇವರೇ. ಒಬ್ಬರ ಜೆಟ್ಟಿಗೆ ಇನ್ನೊಬ್ಬರು ಕೈ ಹಾಕುವಂತಿಲ್ಲ. ಇದು ನನಗೆ ಹೊಸದೇನಲ್ಲ. ನಮ್ಮ ಶೆಡ್‌ನಲ್ಲೂ ಒಂದು ಟೋಳಿಯ ರೇಕ್, ಅಂದರೆ ವ್ಯಾಗನ್ ಸಾಲು, ಇನ್ನೊಂದು ಟೋಳಿ ಮುಟ್ಟಿದರೆ ಅವತ್ತು ಕೆಲಸ ಬಂದ್.

ಚ್ಯೂ ಜೆಟ್ಟಿಯ ಹಲಗೆಯ ಸಂದಿಯಲ್ಲಿ ಕೆಳಗಿನ ಕೆಸರು ಕಾಣುತ್ತಿತ್ತು, ಇಳಿತದ ಹೊತ್ತು. ಊದುಬತ್ತಿಯ ವಾಸನೆ, ಒಣಮೀನಿನ ವಾಸನೆ. ಒಂದು ಮನೆಯ ಮುಂದೆ ಹೂವಿನ ಕುಂಡ ಇಟ್ಟಿದ್ದರು. ಕುಂಡದ ಕೆಳಗಿನ ಕಬ್ಬಿಣ ನೋಡಿ ನಾನು ನಿಂತುಬಿಟ್ಟೆ. ನೆಲಕ್ಕೆ ಇಟ್ಟು ತೂಗುವ ಹಳೆಯ ತೂಕದ ಯಂತ್ರ! ತುಕ್ಕು ಹಿಡಿದಿದೆ, ಹಿತ್ತಾಳೆಯ ಅಳತೆಪಟ್ಟಿಯ ಮೇಲೆ ಅಂಕಿ ಅಳಿಸಿದೆ, ಆದರೆ ಜಾರುವ ಗುಂಡು ಇನ್ನೂ ಇದೆ. ಹಾವೇರಿಯಲ್ಲಿ ಇಂಥದ್ದರ ಮೇಲೆಯೇ ನಾನು ಹತ್ತಿ ಅಂಡಿಗೆ, ಮೆಣಸಿನಕಾಯಿ ಚೀಲ ತೂಗಿಸಿದ್ದು. ಬಗ್ಗಿ ಆ ಗುಂಡನ್ನು ಬೆರಳಿನಿಂದ ತಳ್ಳಿದೆ. ಜರುಗಿತು. ಒಳಗಿನಿಂದ ಒಬ್ಬ ಅಜ್ಜಿ ಬಂದು ನನ್ನನ್ನೂ ಯಂತ್ರವನ್ನೂ ನೋಡಿದರು. ನಾನು ಕೈಯಲ್ಲೇ ತೂಗುವ ಹಾಗೆ ಮಾಡಿ ನನ್ನ ಎದೆ ಮುಟ್ಟಿಕೊಂಡೆ. ಅವರಿಗೆ ಏನು ತಿಳಿಯಿತೋ, ಒಳಗೆ ಹೋಗಿ ಒಂದು ಗ್ಲಾಸ್ ನೀರು ತಂದು ಕೊಟ್ಟರು.

ಹೆಂಡತಿಗೂ ಪೆನಾಂಗ್ ಹಿಡಿಸಿತು. ಲಿಟಲ್ ಇಂಡಿಯಾದಲ್ಲಿ ದೋಸೆ ಸಿಕ್ಕಿತಲ್ಲ. ಅಂದು ರಾತ್ರಿ ಹಡಗಿನ ಊಟದ ಹಾಲ್‌ನಲ್ಲಿ ಅನ್ನ ಬಡಿಸುವ ಹುಡುಗ ನಮ್ಮ ಮಾತು ಕೇಳಿಸಿಕೊಂಡು ತಿರುಗಿದ.

"ಕಾಕಾ, ಯಾವ ಊರ್ರೀ?"

"ಹುಬ್ಬಳ್ಳಿ."

"ಅಯ್ಯ! ನಾ ಲೋಂಡಾ!"

ಗೋವಾದವರು ಹಡಗಿನ ಕೆಲಸಕ್ಕೆ ಬಹಳ ಜನ ಇದ್ದಾರೆ, ಇವನೂ ಅವರ ಜೊತೆ ಸೇರಿಕೊಂಡು ಬಂದವನು. ಇವಳು ರೊಟ್ಟಿಯ ಕಥೆ ಮೊದಲಿನಿಂದ ಹೇಳಿದಳು. ಅವನು ಏನೂ ಅನ್ನಲಿಲ್ಲ. ಮರುದಿನ ತಟ್ಟೆಯ ಪಕ್ಕ ಒಂದು ಸಣ್ಣ ಬಟ್ಟಲು ತಂದಿಟ್ಟ. ಕೆಂಪು ಖಾರ, ಬೆಳ್ಳುಳ್ಳಿ ಜಜ್ಜಿದ್ದು, ಮೇಲೆ ಎಣ್ಣೆ. ತಮ್ಮ ಊಟದ ಮನೆಯಿಂದ ತಂದನಂತೆ. "ಬ್ಯಾಡಗಿ ಅಲ್ಲ ಕಾಕು, ಬಣ್ಣ ಇಲ್ಲ" ಅಂದ. "ಖಾರ ಐತಲ್ಲ ತಮ್ಮಾ, ಸಾಕು" ಅಂದಳು. ಆಮೇಲೆ ಹಾಂಗ್‌ಕಾಂಗ್ ತನಕ ಆ ಬಟ್ಟಲು ತಪ್ಪಲಿಲ್ಲ. ಪೇಡಾ ಡಬ್ಬಿ ಅವನ ಪಾಲಾಯಿತು.

ಈಗ ಬ್ಯಾಂಕಾಕ್. ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಹಡಗಿನವರ ಬಸ್ ದುಬಾರಿ ಅಂತ ನಾಗ್ಪುರದ ದಂಪತಿಯ ಜೊತೆ ಸೇರಿ ವ್ಯಾನ್ ಮಾಡಿಕೊಂಡೆವು. ಹಡಗಿನವರ ಬಸ್ಸೇ ತಡವಾದರೆ ಹಡಗು ಕಾಯುತ್ತದೆ, ನಾವಾಗಿ ಹೋಗಿ ತಡ ಮಾಡಿದರೆ ಇಲ್ಲ. ಸಂಜೆ 6ಕ್ಕೆ ಎಲ್ಲರೂ ಒಳಗಿರಬೇಕು ಅಂತ ಬೋರ್ಡ್ ಹಾಕಿದ್ದರು. ವಾಟ್ ಫೋದಲ್ಲಿ 46 ಮೀಟರ್ ಉದ್ದದ ಮಲಗಿದ ಬುದ್ಧನನ್ನು ನೋಡಿ ಹೊರಗೆ ಬಂದಾಗ ನನ್ನ ಫೋನಿನಲ್ಲಿ 2:50. ಇನ್ನೂ ಮೂರು ತಾಸಿನ ಮೇಲೆ ಇದೆ, ನದಿಯಲ್ಲಿ ದೋಣಿ ಹತ್ತೋಣ ಅಂದೆ.

ಇವಳು ಕೈಗಡಿಯಾರ ತೋರಿಸಿದಳು. "ನಿಮ್ಮ ಫೋನು ಈ ಊರಿನ ಟೈಮ್ ತೋರಸಾಕತ್ತೈತ್ರೀ. ಹಡಗಿನ ಟೈಮ್ ನಾಕಕ್ಕ ಹತ್ತು ಕಮ್ಮಿ."

ಹೌದು! ಹಡಗು ಸಿಂಗಾಪುರದ ಗಡಿಯಾರವನ್ನೇ ಇಟ್ಟುಕೊಂಡಿತ್ತು. ಥಾಯ್ಲೆಂಡ್ ಅದಕ್ಕಿಂತ ಒಂದು ತಾಸು ಹಿಂದೆ, ಫೋನು ತಾನಾಗಿಯೇ ಬದಲಾಗಿತ್ತು. ಆರಕ್ಕೆ ಉಳಿದದ್ದು ಎರಡು ತಾಸು ಹತ್ತು ನಿಮಿಷ, ದಾರಿಯೇ ಎರಡು ತಾಸು. ಇಡೀ ದೇಶಕ್ಕೆ ಒಂದೇ ಟೈಮ್ (ಐಎಸ್‌ಟಿ) ಬರುವ ಮುಂಚೆ ನಮ್ಮ ರೈಲುಗಳೂ ಊರೂರಿನ ಗಡಿಯಾರ ಬಿಟ್ಟು ಮದ್ರಾಸ್ ಟೈಮಿನಲ್ಲಿ ಓಡುತ್ತಿದ್ದವು ಅಂತ ಹೊಸ ಹುಡುಗರಿಗೆ ಪಾಠ ಹೇಳುತ್ತಿದ್ದವನು ನಾನು! ವ್ಯಾನ್‌ನಲ್ಲಿ ಯಾರೂ ಮಾತಾಡಲಿಲ್ಲ. ನಾಗ್ಪುರದ ಆ ತಾಯಿ ಹನುಮಾನ್ ಚಾಲೀಸಾ ಶುರು ಮಾಡಿದರು. 5:48ಕ್ಕೆ ಏಣಿ ಹತ್ತಿದೆವು. ಮೇಲಿನ ಡೆಕ್‌ನಲ್ಲಿ ಜನ ಸಾಲಾಗಿ ನಿಂತು ಕೇಕೆ ಹಾಕಿ ಚಪ್ಪಾಳೆ ತಟ್ಟಿದರು. ತಡವಾಗಿ ಓಡಿ ಬರುವವರನ್ನು ನೋಡುವುದು ಅಲ್ಲಿ ದಿನದ ಮನರಂಜನೆ ಅಂತ ಆಮೇಲೆ ಗೊತ್ತಾಯಿತು.

ಆ ಏಟಿಗೆ ಫೂ ಮೀಯಲ್ಲಿ ಇಳಿಯಲೇ ಇಲ್ಲ. ಮುಂದೆ ಸಮುದ್ರವೂ ಕೆಟ್ಟಿತು. ಫೆಬ್ರವರಿಯಲ್ಲಿ ಆ ಕಡೆ ಈಶಾನ್ಯದ ಗಾಳಿ ಜೋರು. ಎರಡು ರಾತ್ರಿ ಕಿಟಕಿ ಇಲ್ಲದ ರೂಮಿನಲ್ಲಿ ತಲೆ ಎಲ್ಲಿ ಕಾಲೆಲ್ಲಿ ತಿಳಿಯಲಿಲ್ಲ. ಹಾಲಾಂಗ್ ಕೊಲ್ಲಿಯಲ್ಲಿ ಮಂಜು, ಆ ಹೆಸರಾಂತ ಗುಡ್ಡಗಳು ಅರ್ಧರ್ಧ ಕಂಡವು. ನಡುವೆ ಚಾನ್ ಮೇಯಲ್ಲಿ ಇಳಿದು ನೋಡಿದ ಹೋಯ್ ಆನ್ ಮಾತ್ರ ನೆನಪಿನಲ್ಲಿ ಉಳಿದಿದೆ. ಜಪಾನ್, ಚೀನಾದ ವ್ಯಾಪಾರಿಗಳು ಬಂದು ನೆಲೆಸಿದ ಬಂದರು ಅದು. ನದಿ ಹೂಳು ತುಂಬಿತು, ಹಡಗುಗಳು ದನಾಂಗ್ ಕಡೆ ತಿರುಗಿದವು. ವ್ಯಾಪಾರ ಹೋಯಿತು, ಹೊಸದಾಗಿ ಕಟ್ಟಲು ಯಾರ ಹತ್ತಿರವೂ ದುಡ್ಡಿಲ್ಲ, ಹಾಗಾಗಿ ಹಳೆಯ ಮನೆಗಳು ಹಾಗೇ ನಿಂತವು. ಈಗ ಅವನ್ನು ನೋಡಲು ಟಿಕೆಟ್! ದೋಣಿಗಳ ಮೂತಿಗೆ ಎರಡು ಕಣ್ಣು ಬರೆದಿರುತ್ತಾರೆ. ಇವಳಿಗೆ ನಮ್ಮ ಕಾರಹುಣ್ಣಿಮೆಯ ಎತ್ತು ನೆನಪಾಯಿತಂತೆ.

ಹಾಂಗ್‌ಕಾಂಗ್‌ನಲ್ಲಿ ಹಡಗು ನಿಂತದ್ದು ಕೈ ಟಾಕ್‌ನಲ್ಲಿ. 1998ರವರೆಗೆ ವಿಮಾನ ಇಳಿಯುತ್ತಿದ್ದ ರನ್‌ವೇ ಅದು, ಸಮುದ್ರದೊಳಗೆ ಚಾಚಿಕೊಂಡಿದೆ. ಲೋಂಡಾದ ಹುಡುಗ ಇವಳ ಕಾಲು ಮುಟ್ಟಿ ನಮಸ್ಕಾರ ಮಾಡಿದ. ವಿಮಾನ ರಾತ್ರಿಗೆ ಇತ್ತು. ಬ್ಯಾಗುಗಳನ್ನು ಒಂದು ಲಗೇಜ್ ಇಡುವ ಅಂಗಡಿಯಲ್ಲಿ ಬಿಟ್ಟು ಸ್ಟಾರ್ ಫೆರಿಗೆ ಹೋದೆವು. ಆ ದೋಣಿ ಸೇವೆ ಶುರು ಮಾಡಿದ್ದು ಮುಂಬೈ ಕಡೆಯಿಂದ ಹೋದ ಒಬ್ಬ ಪಾರ್ಸಿ, ದೊರಾಬ್ಜಿ ನವರೋಜಿ. ಅಡ್ಡಹೆಸರು ಮಿಠಾಯಿವಾಲಾ! ಹೋಗುವ ದಿಕ್ಕಿಗೆ ತಕ್ಕಂತೆ ಸೀಟಿನ ಬೆನ್ನನ್ನು ಆ ಕಡೆ ಈ ಕಡೆ ಮಗುಚಬಹುದು. ದೋಣಿ ತಿರುಗುವುದೇ ಇಲ್ಲ, ಜನ ತಿರುಗುತ್ತಾರೆ. ಇವಳಿಗೆ ಆ ಸೀಟು ಎಷ್ಟು ಹಿಡಿಸಿತೆಂದರೆ ಎರಡು ಸಲ ಹೋಗಿ ಬಂದೆವು.

ಲಗೇಜ್ ಅಂಗಡಿಗೆ ಮರಳಿದಾಗ 20 ನಿಮಿಷ ತಡ. ಕೌಂಟರಿನ ಹುಡುಗ ಗೋಡೆಯ ಮೇಲಿನ ಪಟ್ಟಿ ತೋರಿಸಿದ: ಹೇಳಿದ ಟೈಮ್ ಮೀರಿದರೆ ಒಂದು ತಾಸಿನ ದುಡ್ಡು ಪೂರ್ತಿ, ಒಂದೊಂದು ಬ್ಯಾಗಿಗೂ. ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದೆ. ಸರಿಯಾಗಿಯೇ ಬರೆದಿದ್ದರು. ಇವಳು "ಇಪ್ಪತ್ತು ನಿಮಿಷಕ್ಕ ಒಂದು ತಾಸಿಂದು ಹೆಂಗ ಕೊಡೂದು?" ಅಂತ ಜಗಳಕ್ಕೆ ನಿಂತಳು. ನಾನು ಪಾಕೀಟು ತೆಗೆದೆ, ಕಟ್ಟಿದೆ, ರಸೀದಿ ಇಸಿದುಕೊಂಡೆ.